ಇಲಿಕೋವಿ

ಆಗಸ್ಟ್ 19, 1991, ಸೋಮವಾರ

ಆಸ್ಪತ್ರೆಯಿಂದ ನಿನ್ನೆಯ ವಿಮಾನದಲ್ಲಿ ಉತ್ತರದ ಹಿಮನಾಡಿನ ನಮ್ಮ ಊರಿಗೆ ಬಂದೆ. ಈ ನೋಟ್‌ಬುಕ್ಕು ಕೊಟ್ಟಿದ್ದು ನರ್ಸಮ್ಮ. ಕಣ್ಣಿಗೆ ಬೆಳಿಗ್ಗೆ ಒಂದು ಹನಿ ಔಷಧಿ, ಸಂಜೆ ಒಂದು ಹನಿ, ಹಾಕಿದ ಹೊತ್ತು ಬರೆದಿಡು ಎಂದಳು. ಬೆಳಿಗ್ಗೆ ಎಂಟೂ ಹತ್ತಕ್ಕೆ ಹಾಕಿದೆ. ಆಯಿತು. ಇಷ್ಟು ದಪ್ಪ ಪುಸ್ತಕಕ್ಕೆ ಇನ್ನೇನು ಬರೆಯಲಿ? ಖಾಲಿ ಹಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ವಸಂತದಲ್ಲಿ ಹಿಮಗಾಡಿ ಮಂಜುಗಡ್ಡೆಯ ದಿಣ್ಣೆ ಹತ್ತಿ ನನ್ನನ್ನು ಎತ್ತಿ ಒಗೆಯಿತಲ್ಲ, ಆಗ ಎಡಗಣ್ಣಿನ ಒಳಪದರ ಕಿತ್ತುಬಂದಿತ್ತು. ಗೋಡೆಗೆ ಅಂಟಿಸಿದ ಕಾಗದ ಕಿತ್ತ ಹಾಗೆ ಎಂದರು ಡಾಕ್ಟರು. ಅದನ್ನು ಮತ್ತೆ ಅಂಟಿಸಿ, ಒತ್ತಿ ಹಿಡಿಯಲು ಕಣ್ಣೊಳಗೊಂದು ಗಾಳಿಗುಳ್ಳೆ ತುಂಬಿದರು. ಹತ್ತು ದಿನ ಬೋರಲು ಮಲಗಿ ಮೊಟ್ಟೆ ತಿಂದೆ. ಗುಳ್ಳೆ ಕರಗುವ ತನಕ ವಿಮಾನ ಹತ್ತುವ ಹಾಗಿಲ್ಲ, ಮೇಲೆ ಹೋದರೆ ಉಬ್ಬುತ್ತದಂತೆ. ಎಷ್ಟು ಉಬ್ಬುತ್ತದೆ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ ಎಂದು ಡಾಕ್ಟರು ಖುಷಿಯಾಗಿ ಚಿತ್ರ ಬರೆದು ತೋರಿಸಿದರು.

ಹೊರಡುವಾಗ ದುಭಾಷಿ ಹೆಂಗಸು ಅವರ ಮಾತನ್ನು ಹೇಳಿದಳು: "ದೊಡ್ಡ ಕೋವಿ ಮುಟ್ಟಬೇಡ. ಅದರ ಒದೆ ತಲೆಗೆ ಹೋಗುತ್ತೆ. ಇನ್ನೊಂದು ಸಲ ಕಿತ್ತರೆ ಆ ಕಣ್ಣು ಮುಗೀತು. ಕಣ್ಣಿಗೆ ಡೇರೆಯ ಬಾಗಿಲು ಇಳಿದ ಹಾಗೆ ಕಂಡ್ರೆ ಆವತ್ತೇ ಬಾ."

ನನ್ನ ದೊಡ್ಡ ಕೋವಿ, ತ್ರೀ ನಾಟ್ ತ್ರೀ, ಮೂಲೆಯಲ್ಲಿ ನಿಂತಿದೆ. ಈ ಕುಬ್ಲು, ಅಂದರೆ ನಾನು, ಗುಂಡು ಹಾರಿಸಿದ ಅಂದರೆ ಒಲೆ ಹಚ್ಚಿ ಎನ್ನುತ್ತಿದ್ದ ಊರು ಇದು. ಅಕ್ಟೋಬರ್ ಬಂದರೆ ಗಂಡು ಸಾರಂಗಗಳಿಗೆ ಬೆದೆ, ಮಾಂಸ ನಾರುತ್ತದೆ. ಅಷ್ಟರೊಳಗೆ ಚಳಿಗಾಲದ ಮಾಂಸ ಮನೆಗೆ ಬರಬೇಕು. ನನ್ನ ಕೈಯಿಂದ ಬರದಿದ್ದರೆ ಬಾಮೈದನ ಪಾಲಿನಲ್ಲಿ ಬದುಕಬೇಕು. ನಲವತ್ತಾರು ವರ್ಷಕ್ಕೇ ಬೇಟೆ ಮುಗಿಯಿತೇ ಎಂದು ನನಗೆ ನಿಜವಾಗಿ ಭಯವಾಗಿದೆ.

ಸಂಜೆ ಏಳಕ್ಕೆ ಹನಿ.

ಆಗಸ್ಟ್ 23, ಶುಕ್ರವಾರ

ಹನಿ ಎಂಟಕ್ಕೆ, ಏಳಕ್ಕೆ.

ಕೋವಿ ಒರೆಸೋಣವೆಂದು ಎತ್ತಿದರೆ ತೋಟಾ ಒಳಗೆ ತಳ್ಳುವ ಬೋಲ್ಟೇ ಇಲ್ಲ. ಮನೆಯೆಲ್ಲ ಹುಡುಕಿದೆ.

"ರೋಡಾ, ಬೋಲ್ಟ್ ಎಲ್ಲಿ?"

ನನ್ನ ಹೆಂಡತಿ ರೊಟ್ಟಿ ಹಿಟ್ಟು ನಾದುತ್ತಾ, "ನನ್ನ ಹತ್ರ ಇದೆ" ಎಂದಳು.

"ನಿನ್ನ ಹತ್ರ ಅಂದ್ರೆ ಎಲ್ಲಿ?"

"ನೀನು ಹಗಲು ಹೊತ್ತಲ್ಲಿ ಕೈ ಹಾಕದೇ ಇರೋ ಜಾಗದಲ್ಲಿ."

ಮುದುಕಿ ಅರ್ನಾಯಾಕ್ ಬಾಗಿಲಲ್ಲೇ ನಿಂತು ಇದನ್ನು ಕೇಳಿ ಕೆಮ್ಮು ಬರುವವರೆಗೆ ನಕ್ಕಳು. ಅವಳು ನನಗಿಂತ ಇಪ್ಪತ್ತೆಂಟು ವರ್ಷ ದೊಡ್ಡವಳು, ಆದರೆ ನನ್ನ ಮಗಳು. ನಾನು ಹುಟ್ಟುವ ಹಿಂದಿನ ಚಳಿಗಾಲ ಅವಳ ಅಪ್ಪ ಕುಬ್ಲು ತೀರಿಕೊಂಡ, ಅವನ ಹೆಸರು ನನಗೆ ಬಂತು, ನಮ್ಮಲ್ಲಿ ಹೆಸರಿನ ಜೊತೆ ಸಂಬಂಧವೂ ಬರುತ್ತದೆ. ಹಾಗಾಗಿ ನಾನು ತೊಟ್ಟಿಲಲ್ಲಿದ್ದಾಗಿನಿಂದ ಅವಳು ನನ್ನನ್ನು ಅಪ್ಪಾ ಎನ್ನುತ್ತಾಳೆ, ನಾನು ಅವಳನ್ನು ಮಗಳೇ ಎನ್ನುತ್ತೇನೆ. ಅಪ್ಪನ ಮರ್ಯಾದೆ ಮಾತ್ರ ಯಾವತ್ತೂ ಸಿಕ್ಕಿಲ್ಲ.

"ಅಪ್ಪಾ, ಇದನ್ನ ಇಟ್ಕೋ" ಎಂದು ಹಳೆಯ ಬಟ್ಟೆಯಲ್ಲಿ ಸುತ್ತಿದ ತನ್ನ ಕೋವಿ ಕೊಟ್ಟಳು. ಟ್ರಿಪಲ್ ಟೂ. ಹಿಡಿ ಬಿರುಕು ಬಿಟ್ಟಿದೆ, ಅಂಟುಪಟ್ಟಿ ಸುತ್ತಿದ್ದಾಳೆ. ಊರವರು ಇಂಥದ್ದನ್ನು ಇಲಿಕೋವಿ ಎನ್ನುತ್ತಾರೆ. ಹಿಮದಿಲಿ ಹೊಡೆಯಲು ಸರಿ, ಅದಕ್ಕಿಂತ ದೊಡ್ಡದಕ್ಕೆ ಅವಮಾನ. ಆದರೆ ಇವಳು ಅರವತ್ತಕ್ಕೂ ಹೆಚ್ಚು ವರ್ಷದಿಂದ ಇಂಥ ಪುಟ್ಟ ಕೋವಿಗಳಿಂದಲೇ ಸಾರಂಗ ತಂದಿದ್ದಾಳೆ, ಎರಡು ಸಲ ಬಿಳಿ ಕರಡಿಯನ್ನೂ. ಹೇಗೆ?

ಸಂಜೆ ನರ್ಸಮ್ಮನ ತಕ್ಕಡಿಯಲ್ಲಿ ತೂಗಿದೆ. ಇದರ ಗುಂಡು ಮೂರೂವರೆ ಸೇರಿಸಿದರೆ ನನ್ನದರ ಒಂದು ಗುಂಡು. ಅಗಲ ಪೆನ್ಸಿಲ್‌ಗಿಂತಲೂ ಕಡಿಮೆ. ನೂರೈವತ್ತು ಕಿಲೋ ತೂಗುವ ಗಂಡು ಸಾರಂಗ ಇದಕ್ಕೆ ಯಾಕೆ ಸಾಯಬೇಕು?

ಆಗಸ್ಟ್ 27, ಮಂಗಳವಾರ

ಹನಿ ಎರಡೂ ಹೊತ್ತು.

ಯಾಕೆ ಎಂದು ಕೇಳಲು ಮುದುಕಿಯ ಮನೆಗೇ ಹೋದೆ. ನೆಲದ ಮೇಲೆ ರಟ್ಟು ಹಾಸಿಕೊಂಡು ಮೀನು ಕೊಯ್ಯುತ್ತಿದ್ದಳು.

"ನೀನು ಎಷ್ಟು ದೂರದಿಂದ ಹೊಡೀತಿದ್ದೆ ಅಪ್ಪಾ?"

"ಮುನ್ನೂರು ಹೆಜ್ಜೆ. ಒಂದ್ಸಲ ನಾನೂರು."

"ಅಯ್ಯೋ ಶಿವನೇ! ಅದು ಬೇಟೆ ಅಲ್ಲ, ಡಂಗುರ. ಧಡಾರ್ ಅಂತಿತ್ತು, ಮೂರು ಹೊಳೆ ಆಚೆ ಇರೋ ಸಾರಂಗಕ್ಕೂ ಗೊತ್ತಾಗ್ತಿತ್ತು, ಕುಬ್ಲು ಬಂದ ಅಂತ."

ಇದನ್ನು ಬರೆಯುವಾಗ ನೋಡುತ್ತೇನೆ, ಅವಳು ಅಂದದ್ದು ಯೇಸುವಿನ ಹೆಸರು, ನನ್ನ ಕೈ ಬರೆದದ್ದು ಬೇರೆ ದೇವರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಹಿಂದೂಸ್ತಾನದ ಅಜ್ಜ ದಿನವಿಡೀ ಹಾಗೆ ಕೂಗುತ್ತಿದ್ದ, ಅಂಟಿಕೊಂಡಿದೆ.

ಆಮೇಲೆ ಕೇಳಿದಳು: "ಸಾರಂಗಕ್ಕೆ ಪಕ್ಕೆಲುಬು ಎಷ್ಟು?"

ನಾನು ಬಾಯಿ ತೆರೆದೆ. ಮುಚ್ಚಿದೆ. ಹಲ್ಲು ಬಂದಂದಿನಿಂದ ಆ ಎಲುಬು ಚೀಪಿದ್ದೇನೆ, ಸಾವಿರ ಸಲ ಕೊಯ್ದಿದ್ದೇನೆ.

"ಹೋಗು, ಎಣಿಸ್ಕೊಂಡು ಬಾ. ಎಷ್ಟನೇದರ ಹಿಂದೆ ಏನಿದೆ ಅಂತ ತಿಳ್ಕೊಂಡು ಬಾ. ಕಾಲು ಮುಂದಿಟ್ಟಾಗ ಬೇರೆ, ಹಿಂದಿಟ್ಟಾಗ ಬೇರೆ. ಆಮೇಲೆ ಯಾಕೆ ಅಂತ ಕೇಳು."

ಬಾಮೈದ ತುಲುಗಾಕ್ ಕೊಟ್ಟಿದ್ದ ಅರ್ಧ ಸಾರಂಗ ಹೊರಗಿನ ಮಾಂಸದ ಗೂಡಲ್ಲಿತ್ತು. ಎಣಿಸಿದೆ. ಹದಿಮೂರು.

ಸೆಪ್ಟೆಂಬರ್ 1, ಭಾನುವಾರ

ರೋಡಾಳ ಹೆಣಿಗೆ ಕಡ್ಡಿ ತೆಗೆದುಕೊಂಡು ಒಂದೊಂದು ಎಲುಬಿನ ಸಂದಿಯಲ್ಲೂ ತೂರಿಸಿ, ಆಚೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದೇನೆ. ಮುಂಗಾಲು ಮುಂದಿದ್ದಾಗ ಐದನೆಯದರ ಹಿಂದೆ ಒಂದು ಜಾಗ ಇದೆ. ನನ್ನ ಅಂಗೈಯಷ್ಟು. ಅಲ್ಲಿ ದಪ್ಪ ಮೂಳೆ ಇಲ್ಲ, ದಪ್ಪ ಮಾಂಸವಿಲ್ಲ, ಒಳಗೆ ಹೃದಯದ ನೆತ್ತಿ, ಎರಡೂ ಶ್ವಾಸಕೋಶ. ಕಡ್ಡಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಎಂಥಾ ಸೋಜಿಗ! ಇಷ್ಟು ವರ್ಷ ನಾನು ಸಾರಂಗದ ಅಂದಾಜಿಗೆ ಹೊಡೆಯುತ್ತಿದ್ದೆ ಅಷ್ಟೆ, ಉಳಿದ ಕೆಲಸ ಗುಂಡೇ ಮಾಡುತ್ತಿತ್ತು.

ಇನ್ನೊಂದು ವಿಷಯ ಗೊತ್ತಾಯಿತು. ಮೂರು ದಿನದಿಂದ ನನಗೆ ಚಹಾ ಸಿಕ್ಕಿಲ್ಲ. ಇವತ್ತು ತಡೆಯಲಾರದೆ ಕೇಳಿದೆ. ರೋಡಾ ಕೆಟಲಿ ಕುಕ್ಕಿದಳು: "ದಿನಾ ಕೇಳ್ತೀನಿ, ಮೂಗು ಮುರೀತೀಯ, ಈಗ ಜಗಳಕ್ಕೆ ಬರ್ತೀಯ!"

ನಮ್ಮಲ್ಲಿ ಹುಬ್ಬು ಎತ್ತಿದರೆ ಹೌದು, ಮೂಗು ಸುಕ್ಕು ಮಾಡಿದರೆ ಇಲ್ಲ. ಮಾತೇ ಬೇಕಿಲ್ಲ. ಆಪರೇಷನ್ ಆದಮೇಲೆ ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚಿದೊಡನೆ ನನ್ನ ಮೂಗು ತಾನಾಗಿ ಸುಕ್ಕಾಗುತ್ತದೆ. ಚಹಾ ಬೇಕಾ, ಇಲ್ಲ. ಮೀನು ಬೇಕಾ, ಇಲ್ಲ. ಅಂಗಡಿಯವನು ಚೆನ್ನಾಗಿದ್ದೀಯಾ ಎಂದಾಗಲೂ ಇಲ್ಲ ಅಂದಿದ್ದೇನೆ, ಪಾಪ, ಅವನು ಸಂಜೆ ಸೂಪು ಕಳಿಸಿದ್ದ. ಬೆನ್ನು ಬೆಳಕಿಗೆ ಮಾಡಿ ಕೂತು ಮೂರು ಲೋಟ ಚಹಾ ಕುಡಿದೆ.

ಸೆಪ್ಟೆಂಬರ್ 9, ಸೋಮವಾರ

ಒಂದು ಸಾರಂಗಕ್ಕೆ ನೋವು ಕೊಟ್ಟೆ. ಹನಿ ಹಾಕಿದೆನೋ ಇಲ್ಲವೋ.

ಸೆಪ್ಟೆಂಬರ್ 10, ಮಂಗಳವಾರ

ಬರೆಯದಿದ್ದರೆ ಹೊಟ್ಟೆಯಲ್ಲೇ ಉಳಿಯುತ್ತದೆ.

ತುಲುಗಾಕ್ ಜೊತೆ ಮೀನುಹೊಳೆಯ ಆಚೆ ಹೋಗಿದ್ದೆವು. ಇನ್ನೂರು ಹೆಜ್ಜೆಯಲ್ಲಿ ಎಳೆ ಗಂಡು. ಇನ್ನೂ ಹತ್ತಿರ ಹೋಗಬೇಕಿತ್ತು. ತುಲುಗಾಕ್ ನೋಡುತ್ತಿದ್ದಾನೆ ಎಂಬ ಜಂಬಕ್ಕೆ ಅಲ್ಲಿಂದಲೇ ಹೊಡೆದೆ. ಅದು ಹೆಜ್ಜೆ ಬದಲಿಸಿತು, ಗುಂಡು ಭುಜದ ಮೂಳೆಗೆ ಬಿತ್ತು. ಮೂರು ಕಾಲಲ್ಲಿ ನಡೆಯಲು ಶುರು ಮಾಡಿತು. ಬೀಳುವುದಿಲ್ಲ, ನಿಲ್ಲುವುದೂ ಇಲ್ಲ. ಮಧ್ಯಾಹ್ನದ ತನಕ ಹಿಂದೆ ಹಿಂದೆ ನಡೆದೆವು, ಹತ್ತಿರವಾದಷ್ಟೂ ದೂರವಾಯಿತು. ಕೊನೆಗೆ ಗುಡ್ಡ ಇಳಿದು ಕಣ್ಮರೆಯಾಗುವುದರಲ್ಲಿತ್ತು. ತುಲುಗಾಕ್ ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ, ಅವನ ಗುರಿ ನಿಲ್ಲುವ ಹಾಗಿರಲಿಲ್ಲ. ಅವನ ದೊಡ್ಡ ಕೋವಿ ಕಿತ್ತುಕೊಂಡು ನಾನೇ ಹೊಡೆದೆ. ಬಿತ್ತು.

"ಭಾವ! ಕಣ್ಣು!" ಎಂದ.

"ಅಕ್ಕನ ಹತ್ರ ಬಾಯಿ ಬಿಟ್ಟರೆ ನೋಡು" ಎಂದೆ.

ಒಂದೇ ಗುಂಡು. ಏನೂ ಆಗಲಿಲ್ಲ. ನೋವಿಲ್ಲ, ಕೆಂಪಿಲ್ಲ. ನೋವಲ್ಲಿ ನಡೆಯುವ ಪ್ರಾಣಿಯನ್ನು ಹಾಗೇ ಬಿಡಲಾಗುತ್ತದೆಯೇ?

ಸಂಜೆ ಅರ್ನಾಯಾಕ್ ಬಂದು ಆ ಭುಜ ಬಿಡಿಸಿದಳು. ಬೈಯಲಿಲ್ಲ. ಮೂಳೆಯ ಮೇಲೆ ನಾಲಗೆ ಆಡಿಸಿ ತಗಡಿನ ಚೂರು ಚೂರು ಉಗುಳಿ ನನ್ನ ಅಂಗೈಗೆ ಹಾಕಿದಳು.

"ಯಾವ ಡಬ್ಬಿಯ ತೋಟಾ?"

ತೋರಿಸಿದೆ. ಅಂಗಡಿಯಲ್ಲಿ ಅದೇ ಇತ್ತು. ಮೂತಿಯಲ್ಲಿ ತೂತಿರುವ ಗುಂಡು.

"ಇದು ಮೇಲ್ಮೈಯಲ್ಲೇ ಒಡೆದು ಪುಡಿಯಾಗುತ್ತೆ. ಇಲಿಗೆ ಸರಿ. ಸೀಸದ ಮೂತಿ ಇರೋದು ತಗೋ, ಅದು ಒಳಗೆ ಹೋಗುತ್ತೆ. ಮತ್ತೆ ನೋಡು ಅಪ್ಪಾ, ದೊಡ್ಡ ಗುಂಡು ನಿನ್ನ ಆತುರಾನ ಮುಚ್ಚಿಹಾಕ್ತಿತ್ತು. ಇದು ಮುಚ್ಚಲ್ಲ, ಊರಿಗೆಲ್ಲ ಹೇಳುತ್ತೆ."

"ಇನ್ನು ನಾನು ಹೋಗಲ್ಲ ಮಗಳೇ."

"ಹೋಗ್ತೀಯ. ನಾನೂ ಬರ್ತೀನಿ."

ಸೆಪ್ಟೆಂಬರ್ 14, ಶನಿವಾರ

ಈ ವರ್ಷ ಸೊಳ್ಳೆ ಇನ್ನೂ ಹೋಗಿಲ್ಲ, ಆಶ್ಚರ್ಯ. ಎರಡು ರಾತ್ರಿ ಹಿಮ ಬಿದ್ದರೂ ಕಣ್ಣ ಮುಂದೆ ಹಾರಾಡುತ್ತಲೇ ಇವೆ. ಊಟದ ಹೊತ್ತಲ್ಲಿ ಓಡಿಸುತ್ತಿದ್ದೆ.

"ಯಾರಿಗೆ ಕೈ ಬೀಸ್ತಿದೀಯ?" ಎಂದಳು ರೋಡಾ.

"ಸೊಳ್ಳೆ."

"ಎಲ್ಲಿದೆ ಸೊಳ್ಳೆ?"

ಹೆಂಗಸರಿಗೆ ಕಣ್ಣು ಮಂದ. ಕಚ್ಚುವುದಿಲ್ಲ ಮಾತ್ರ. ಕಚ್ಚದ ಜಾತಿಯೇ ಇರಬೇಕು, ಹೊಸದಾಗಿ ಬಂದಿರಬಹುದು.

ಸೆಪ್ಟೆಂಬರ್ 18, ಬುಧವಾರ

ಮಗಳಿಂದ ಅಪ್ಪ ಕಲಿತ ದಿನ.

ಬೆಳಿಗ್ಗೆ ಬೆನ್ನುಮೂಳೆ ಗುಡ್ಡದ ಕೆಳಗೆ ಗಾಳಿಗೆ ಎದುರಾಗಿ ಮಲಗಿದೆವು. ನಾನು ಕೋವಿ ಎತ್ತಿದಾಗೆಲ್ಲ ಅವಳು ಮೂಗು ಮುರಿದಳು. ಆಮೇಲೆ ನಿದ್ದೆಯೇ ಹೋದಳು! ಗೊರಕೆ ಬೇರೆ. ನಾನು ಎಷ್ಟು ಹೊತ್ತು ಮಲಗಿದ್ದೆನೋ ಗೊತ್ತಿಲ್ಲ. ಹನ್ನೊಂದು ಸಾರಂಗಗಳು ಮೇಯುತ್ತಾ ಮೇಯುತ್ತಾ ನಮ್ಮ ಕಡೆಗೇ ಬಂದವು. ಆಗ ಕೇಳಿಸಿತು: ಟಿಕ್, ಟಿಕ್, ಟಿಕ್. ಅವು ಹೆಜ್ಜೆ ಇಟ್ಟಾಗ ಕಾಲಿನ ನರ ಮೂಳೆಯ ಮೇಲೆ ಜಾರಿ ಆಗುವ ಸದ್ದು. ಚಿಕ್ಕಂದಿನಲ್ಲಿ ಕೇಳಿದ್ದು, ಮರೆತೇಹೋಗಿತ್ತು. ಮುನ್ನೂರು ಹೆಜ್ಜೆಯಿಂದ ಕೇಳಿಸುವುದಿಲ್ಲವಲ್ಲ.

ಎಪ್ಪತ್ತು ಹೆಜ್ಜೆಯಲ್ಲಿ ದೊಡ್ಡ ಗಂಡು ನಿಂತಿತು. ಮುಂಗಾಲು ಹಿಂದಿತ್ತು. ಕಾದೆ. ಮುಂದಿಟ್ಟಿತು. ಅಂಗೈಯಷ್ಟು ಜಾಗ ಕಂಡಿತು.

ಟಕ್. ಅಷ್ಟೇ ಸದ್ದು. ಭುಜಕ್ಕೆ ಯಾರೋ ಬೆರಳಲ್ಲಿ ತಟ್ಟಿದ ಹಾಗೆ. ಅದು ನಾಲ್ಕು ಹೆಜ್ಜೆ ನಡೆಯಿತು, ನಿಂತು ಯೋಚಿಸಿತು, ಕಾಲು ಮಡಚಿ ಮಲಗಿತು. ಪಕ್ಕದವು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ನನಗೆ ಅಳು ಬಂತು, ಯಾಕೋ ಗೊತ್ತಿಲ್ಲ.

ಬೆನ್ನಕೊಬ್ಬು ಮೂರು ಬೆರಳು ದಪ್ಪ. ಈ ಕೋವಿಯಿಂದ ನನ್ನ ಮೊದಲ ಬೇಟೆ, ಪೂರ್ತಿ ಅವಳಿಗೆ. ಗುಂಡು ಆಚೆ ಬದಿಯ ಚರ್ಮದ ಕೆಳಗೆ ಅಣಬೆಯಂತೆ ಅರಳಿ ಕೂತಿತ್ತು. ಆಚೆ ಹೋಗಿರಲಿಲ್ಲ. ಜೇಬಲ್ಲಿಟ್ಟುಕೊಂಡಿದ್ದೇನೆ.

ಸೆಪ್ಟೆಂಬರ್ 21, ಶನಿವಾರ

ಇನ್ನೊಂದು ಬಂತು, ಇದು ನಮ್ಮ ಮನೆಗೆ. ಐದು, ಆರರ ನಡುವೆ ಗುಂಡು.

ಊರ ರೇಡಿಯೋದಲ್ಲಿ ತುಲುಗಾಕ್‌ನ ಪ್ರಕಟಣೆ: "ಎಲ್ಲಾ ಇಲಿಗಳ ಗಮನಕ್ಕೆ. ನನ್ನ ಭಾವ ಕೋವಿ ಹಿಡಿದು ಹೊರಟಿದ್ದಾರೆ. ದಯವಿಟ್ಟು ಮರಿಗಳನ್ನ ಒಳಗೆ ಕರ್ಕೊಳ್ಳಿ." ಮೊದಲಾಗಿದ್ದರೆ ಹೋಗಿ ಅವನ ಟೋಪಿ ಹಾರಿಸುತ್ತಿದ್ದೆ. ಈಗ ನಾನೇ ನಕ್ಕೆ. ಅಂದಹಾಗೆ ಇಲಿಗೆ ಪಕ್ಕೆಲುಬು ಎಷ್ಟಿರಬಹುದು?

ಸಂಜೆ ಮಿಂಚು ಕಂಡೆ. ಎಡಗಡೆ ಮೂಲೆಯಲ್ಲಿ ಬಿಲ್ಲಿನ ಹಾಗೆ, ಮೂರು ಸಲ. ಗುಡುಗಿಲ್ಲ, ಮೋಡವೂ ಇಲ್ಲ. ಹಿಮ ಬೀಳುವ ಕಾಲದಲ್ಲಿ ಮಿಂಚು! ಹಳಬರನ್ನು ಕೇಳಬೇಕು.

ಸೆಪ್ಟೆಂಬರ್ 27, ಶುಕ್ರವಾರ

ನಾಲ್ಕಾಯಿತು. ಇನ್ನು ಎರಡು ಬಂದರೆ ಚಳಿಗಾಲ ಸಲೀಸು. ಎರಡು ದಿನ ಹೊಡೆಯದೇ ಬಂದೆ, ಸರಿಯಾಗಿ ನಿಲ್ಲಲಿಲ್ಲ. ಸುಮ್ಮನೆ ನೋಡುತ್ತಾ ಮಲಗುವುದೂ ಚೆನ್ನಾಗಿಯೇ ಇರುತ್ತದೆ. ಮುದಿ ಹೆಣ್ಣು ಎತ್ತ ನೋಡುತ್ತದೋ ಗುಂಪು ಅತ್ತ ಹೋಗುತ್ತದೆ, ಕೊಂಬಿನ ಗಂಡು ಬರೀ ಜಂಬಕ್ಕೆ.

ಟೋಪಿಯ ಅಂಚಿನ ತುಪ್ಪಳ ಎಡಗಣ್ಣಿಗೆ ಅಡ್ಡ ಬರುತ್ತಿದೆ. ಕತ್ತರಿಸಲು ರೋಡಾಗೆ ಹೇಳಬೇಕು. ಅವಳೋ ಈಚೆಗೆ ಬೆಕ್ಕಿನ ಹಾಗೆ ನಡೆಯುತ್ತಾಳೆ, ಪಕ್ಕದಲ್ಲಿ ಥಟ್ಟನೆ ಹುಟ್ಟಿಬಂದ ಹಾಗೆ ನಿಂತಿರುತ್ತಾಳೆ. ಬೆಚ್ಚಿಬಿದ್ದು ಎರಡು ಸಲ ಲೋಟ ಉರುಳಿಸಿದೆ.

ಅಕ್ಟೋಬರ್ 1, ಮಂಗಳವಾರ

ತುಪ್ಪಳ ಕತ್ತರಿಸಿದಳು. ಇನ್ನೂ ಅಡ್ಡ ಬರುತ್ತದೆ.

ಅಕ್ಟೋಬರ್ 3, ಗುರುವಾರ

ಅಕ್ಷರ ಹೇಗೆ ಬಂದರೂ ಬರಲಿ, ಇವತ್ತೇ ಬರೆಯಬೇಕು.

ಮೂವರೂ ಹೋಗಿದ್ದೆವು, ನಾನು, ತುಲುಗಾಕ್, ಅರ್ನಾಯಾಕ್. ಮುದುಕಿ ಗಾಡಿಯ ಹತ್ತಿರ ಕೂತು ಚಹಾ ಕಾಯಿಸುತ್ತೇನೆ ಎಂದಳು. ತಗ್ಗಿನಲ್ಲಿ ಒಂಬತ್ತು ಸಾರಂಗ. ತುಲುಗಾಕ್ ಬಲಗಡೆ ಬಂಡೆಯ ಹಿಂದೆ, ದೊಡ್ಡ ಕೋವಿಯೊಂದಿಗೆ. ನಾನು ಎಡಗಡೆ ದಿಬ್ಬದ ಮೇಲೆ. ಅವನಿದ್ದಲ್ಲಿಂದ ಸಾರಂಗಗಳ ಆಚೆ ಏನಿದೆ ಎಂದು ಕಾಣುವುದಿಲ್ಲ, ನನಗೆ ಕಾಣುತ್ತದೆ. ಅವನ ಗುಂಡು ಒಂದು ಸಾರಂಗವನ್ನು ತೂರಿಕೊಂಡು ಆಚೆಗೂ ಹೋಗುವಂಥದ್ದು. ಅದಕ್ಕೇ ಅವನು ನನ್ನತ್ತ ಗಲ್ಲ ಎತ್ತಿ ಮೌನವಾಗಿ ಕೇಳಿದ: ಆಚೆ ಖಾಲಿಯಾ, ಹೊಡೀಲಾ?

ನಾನು ನೋಡಿದೆ. ಹಿಮ, ಕಲ್ಲು. ಯಾರೂ ಇಲ್ಲ. ಹುಬ್ಬು ಎತ್ತಲು ಹೊರಟೆ. ಅದೇ ಕ್ಷಣ ಮೋಡದಿಂದ ಸೂರ್ಯ ಹೊರಬಂದ, ಹಿಮದ ಬೆಳಕು ಕಣ್ಣಿಗೆ ಚುಚ್ಚಿತು.

ತುಲುಗಾಕ್ ಕೋವಿ ಇಳಿಸಿದ. ಹೊಡಿಯೋ ಮಂಕೇ ಎಂದು ಒಳಗೊಳಗೇ ಬೈದೆ. ಅಷ್ಟರಲ್ಲಿ ಸಾರಂಗಗಳ ಬೆನ್ನ ಹಿಂದೆ, ನೇರ ಅವನ ಗುರಿಯ ಸಾಲಿನಲ್ಲೇ, ಒಂದು ಕಲ್ಲಿನ ಮರೆಯಿಂದ ಅರ್ನಾಯಾಕ್ ಷರಾಯಿ ಕಟ್ಟಿಕೊಳ್ಳುತ್ತಾ ಎದ್ದು ನಿಂತಳು.

ಸಾರಂಗಗಳು ಓಡಿದವು. ತುಲುಗಾಕ್ ತೋಟಾ ಹೊರತೆಗೆದು ಕೋವಿ ಹಿಮದ ಮೇಲೆ ಇಟ್ಟ. ಆಮೇಲೆ ಓಡಿ ಬಂದು ನನ್ನನ್ನು ತಬ್ಬಿಕೊಂಡ. "ಭಾವ, ನೀನು ಇಲ್ಲ ಅನ್ನದೇ ಇದ್ದಿದ್ರೆ... ಭಾವ..."

ಮುದುಕಿಗೆ ನಗು. "ಒಂದಕ್ಕೆ ಹೋಗೋಕೂ ನಿಮ್ಮ ಅಪ್ಪಣೆ ಬೇಕೇನ್ರೋ? ಅಪ್ಪನಿಗೆ ಕೈ ಬೀಸಿಯೇ ಹೋದ್ನಲ್ಲ. ನೋಡಿದಾನೆ, ಅದಕ್ಕೇ ಬೇಡ ಅಂದಿದಾನೆ."

ಹೊರಡುವಾಗ ಅವಳ ಹೆಜ್ಜೆಗುರುತು ನೋಡಿದೆ. ನನ್ನ ಎಡಕ್ಕೆ, ಬರೀ ಇಪ್ಪತ್ತು ಹೆಜ್ಜೆ ದೂರದಲ್ಲಿ, ಬಯಲಿನಲ್ಲೇ ಹೋಗಿವೆ.

ನಾನು ನೋಡಲಿಲ್ಲ.

ಅಕ್ಟೋಬರ್ 4, ಶುಕ್ರವಾರ

ಬಲಗಣ್ಣು ಮುಚ್ಚಿಕೊಂಡು ಒಲೆಯ ಮುಂದೆ ಕೂತೆ. ಒಲೆ ಕಂಡಿತು. ಹೊಗೆ ಕೊಳವೆ ಕಾಣಲಿಲ್ಲ. ಕಿಟಕಿ ಇಲ್ಲ. ಎಡಭಾಗದಲ್ಲಿ ಏನೂ ಇಲ್ಲ, ಕಪ್ಪು.

ಡೇರೆಯ ಬಾಗಿಲು ಅಂದರು, ಅದು ಮೇಲಿನಿಂದ ಇಳಿಯುತ್ತದೆ ಎಂದುಕೊಂಡು ಕಾಯುತ್ತಿದ್ದೆ. ಇದು ಪಕ್ಕದಿಂದ ಬಂದಿದೆ. ಸೊಳ್ಳೆಯೂ ಅಲ್ಲ, ಮಿಂಚೂ ಅಲ್ಲ, ಟೋಪಿಯ ತುಪ್ಪಳವೂ ಅಲ್ಲ. ಎಲ್ಲವನ್ನೂ ಎಷ್ಟು ಕುತೂಹಲದಿಂದ ಬರೆದಿದ್ದೇನೆ, ದಡ್ಡ.

ರೇಡಿಯೋದಲ್ಲಿ ಇವತ್ತು ಇಲಿಯ ಮಾತಿಲ್ಲ. ತುಲುಗಾಕ್ ಅಳುತ್ತಾ ಹೇಳಿದ: "ನನ್ನ ಭಾವನಿಗೆ ಒಂದು ಕಣ್ಣು ನೆಟ್ಟಗಿಲ್ಲ ಅಂತೀರಿ, ನಮ್ಮೆಲ್ಲರಿಗಿಂತ ಜಾಸ್ತಿ ಕಾಣುತ್ತೆ ಅವನಿಗೆ." ಫೋನಿನ ಮೇಲೆ ಫೋನು. ರೋಡಾ ನನ್ನ ತಟ್ಟೆಗೆ ಸಾರಂಗದ ನಾಲಗೆಯ ತುಂಡು ಹಾಕಿ, ಹೊಸ ತೋಟಾದ ಡಬ್ಬಿ ಮುಂದಿಟ್ಟಳು. "ಹೋಗಿ ಬಾ, ಇನ್ನೆರಡು ಬೇಕಲ್ಲ" ಎಂದಳು.

ಹೇಳಿದರೆ ಈ ಕೋವಿಯೂ ಹೋಗುತ್ತದೆ.

ಅಕ್ಟೋಬರ್ 5, ಶನಿವಾರ

ಹೇಳಲಿಲ್ಲ.

ಅಕ್ಟೋಬರ್ 6, 1991, ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಅರ್ನಾಯಾಕ್ ಮನೆಗೆ ಹೋದೆ. ಕೋವಿಯನ್ನು ಅವಳ ಮುಂದೆ ನೆಲದ ಮೇಲಿಟ್ಟೆ.

"ಮಗಳೇ, ನಾನು ಇಲ್ಲ ಅನ್ನಲಿಲ್ಲ. ಹೊಡಿ ಅನ್ನೋಕೆ ಹೊರಟಿದ್ದೆ. ಬಿಸಿಲಿಗೆ ಮೂಗು ಸುಕ್ಕಾಯ್ತು, ಅಷ್ಟೇ."

ಅವಳು ಚಹಾದ ಲೋಟ ಕೆಳಗಿಟ್ಟಳು.

"ನಾನು ಕೈ ಬೀಸಿದ್ದು?"

"ಕಾಣಲಿಲ್ಲ."

ಅವಳು ನನ್ನ ಎಡಗಡೆ ಬಂದು ಕೂತು, ಬಲಗಣ್ಣು ಮುಚ್ಚಿ ನೇರ ನೋಡು ಎಂದು ಹೇಳಿ, ಬೆರಳು ತರುತ್ತಾ ಬಂದಳಂತೆ. ಕಂಡಾಗ ಹೇಳು ಎಂದಳು. ಕಾದೆ. ಬೆರಳು ಕಂಡಾಗ ಅದು ನನ್ನ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ದೊಡ್ಡ ಕೋವಿ ಹೊಡೆದದ್ದನ್ನೂ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು, ಎಪ್ಪತ್ನಾಲ್ಕು ವರ್ಷದವಳು.

"ಅಪ್ಪಾ, ಹೋದ ಸಲಾನೂ ನಿನ್ನ ಕಣ್ಣು ಹೀಗೇ ಹೋಗಿದ್ದು" ಎಂದಳು. ಹೋದ ಸಲ ಎಂದರೆ ನನ್ನ ಹೆಸರಿನವನು, ಅವಳ ಅಪ್ಪ. "ಯಾರಿಗೂ ಹೇಳಲಿಲ್ಲ ನೀನು. ನಾನು ಎಂಟು ವರ್ಷದವಳು, ನಂಗೆ ಗೊತ್ತಿತ್ತು. ದೊಡ್ಡ ಕೋವಿ ಎತ್ತೋಕೆ ನಂಗೆ ಶಕ್ತಿ ಇರ್ಲಿಲ್ಲ, ಅದಕ್ಕೇ ಪುಟ್ಟ ಕೋವಿ ಹಿಡಿದೆ. ನೀನೇ ಹೊಡೆದೆ ಅಂತ ಊರಿಗೆ ಹೇಳ್ತಿದ್ದೆ. ಈ ಸಲ ಹೇಳ್ದೆಯಲ್ಲ, ಸಾಕು."

ಇಬ್ಬರೂ ರೇಡಿಯೋ ಮನೆಗೆ ಹೋದೆವು. ನಾನೇ ಮೈಕಿನಲ್ಲಿ ಹೇಳಿದೆ, ಏನಾಯಿತೋ ಹಾಗೆ. ಒಂದೇ ಒಂದು ಫೋನು ಬಂತು, ರೋಡಾಳದ್ದು: "ಚೀಲ ಕಟ್ಟಿದೀನಿ. ಮಂಗಳವಾರ ವಿಮಾನ ಇದೆ. ಬೇಗ ಮನೆಗೆ ಬಾ."

ನವೆಂಬರ್ 28, ಗುರುವಾರ

ಊರಿಗೆ ಬಂದು ನಾಲ್ಕು ದಿನ. ಎಡಗಣ್ಣು ಹೋಯಿತು. ಎರಡು ಸಲ ಅಂಟಿಸಿದರು, ನಿಲ್ಲಲಿಲ್ಲ. ಬಲಗಣ್ಣು ಚೆನ್ನಾಗಿದೆ. ತುಲುಗಾಕ್ ನಾನಿಲ್ಲದಾಗ ನಮ್ಮ ಗೂಡಿಗೆ ಎರಡು ಸಾರಂಗ ತಂದು ಹಾಕಿದ್ದ. ನಾಚಿಕೆ ಆಗಬಹುದು ಎಂದು ಕಾದೆ, ಆಗಲಿಲ್ಲ. ಚೆನ್ನಾಗಿ ಉಂಡೆ.

ಇವತ್ತು ಅರ್ನಾಯಾಕ್ ಬಂದು ಕರೆದಳು. ಡಾಕ್ಟರನ್ನು ಕೇಳಿಯೇ ಬಂದಿದ್ದೆ, ಸಣ್ಣ ಕೋವಿಯಾದರೆ ಹೊಡಿ ಎಂದಿದ್ದಾರೆ. ರೋಡಾ ನನ್ನ ಕೈಗವಸು ಒಣಗಿಸಿ ಕೊಟ್ಟಳು. ಮೂವರೂ ಹೋದೆವು. ಹೊಳೆಯ ತಿರುವಿನಲ್ಲಿ ಐದು ಹೆಣ್ಣು ಸಾರಂಗ, ಅರವತ್ತು ಹೆಜ್ಜೆ. ಗಾಳಿ ನಮ್ಮ ಕಡೆಗಿತ್ತು. ಒಂದು ಪಕ್ಕಕ್ಕೆ ತಿರುಗಿತು, ಮುಂಗಾಲು ಮುಂದಿಟ್ಟಿತು. ಬೆರಳು ಟ್ರಿಗರ್ ಮೇಲಿತ್ತು.

ಎಡಗಡೆ ನನಗೆ ಏನೂ ಇಲ್ಲ. ಬಾಯಿಬಿಟ್ಟೇ ಕೇಳಿದೆ, ಗಟ್ಟಿಯಾಗಿ: "ಮಗಳೇ, ಎಲ್ಲಿದ್ದೀಯ?"

ಐದೂ ತಲೆಗಳು ಒಟ್ಟಿಗೆ ಎದ್ದವು.

"ಇಲ್ಲೇ ಅಪ್ಪಾ, ನಿನ್ನ ಪಕ್ಕದಲ್ಲೇ."

ಅವು ಹಿಮ ಎಬ್ಬಿಸಿಕೊಂಡು ಹೋಗಿಬಿಟ್ಟವು. ತುಲುಗಾಕ್ ತಲೆ ಚಚ್ಚಿಕೊಂಡ. "ಎಂಥಾ ಬೇಟೆ ಭಾವ ಇದು! ಕೂಗಿ ಕೇಳಿ ಹೊಡೆಯೋದಾ?"

"ಹೌದು" ಎಂದೆ. "ನಾಳೆಯೂ ಕೇಳ್ತೀನಿ."